ಗಿರಣಿಯ ಗಡಿಯಾರಕ್ಕೆ ಎದುರು ಮಾತು

ಆ ಗಡಿಯಾರಕ್ಕೆ ಎರಡು ಮುಖಗಳಿದ್ದವು, ಒಂದರ ಕೆಳಗೆ ಒಂದು. ಮೇಲಿನದು ಊರಿನ ಸಮಯ ತೋರಿಸುತ್ತಿತ್ತು, ಕೆಳಗಿನದು ಗಿರಣಿಯ ಸಮಯ. ಕೆಳಗಿನ ಮುಳ್ಳುಗಳನ್ನು ತಿರುಗಿಸುತ್ತಿದ್ದದ್ದು ಗಿರಣಿಯ ನೀರಿನ ಚಕ್ರ. ಹೊಳೆಯಲ್ಲಿ ನೀರು ಕಡಿಮೆಯಾಗಿ ಚಕ್ರ ನಿಧಾನವಾದರೆ ಕೆಳಗಿನ ಗಡಿಯಾರವೂ ನಿಧಾನವಾಗುತ್ತಿತ್ತು. ಅದು ಸಂಜೆಯ ಗಂಟೆಯನ್ನು ಮುಟ್ಟುವವರೆಗೆ ಕೆಲಸದವರು ಮನೆಗೆ ಹೋಗುವಂತಿರಲಿಲ್ಲ. ಮೇಲೆ ಏಳೂವರೆಯಾಗಿದ್ದರೂ ಕೆಳಗೆ ಏಳಾಗದೆ ಇರಬಹುದಿತ್ತು. ಆ ಅರ್ಧ ಗಂಟೆ ಯಾರ ಲೆಕ್ಕಕ್ಕೂ ಸೇರುತ್ತಿರಲಿಲ್ಲ.

ಉತ್ತರ ಇಂಗ್ಲೆಂಡಿನ ಒಂದು ರೇಷ್ಮೆ ಗಿರಣಿಯಲ್ಲಿದ್ದ ಆ ಗಡಿಯಾರ, ದೋಹಾದಲ್ಲಿ ನಾನು ಕೆಲಸ ಮಾಡುವ ಪ್ರದರ್ಶನಾಲಯಕ್ಕೆ ಎರವಲಾಗಿ ಬಂದಿತ್ತು. ಹತ್ತೊಂಬತ್ತನೇ ಶತಮಾನದ ಯೂರೋಪು ಮತ್ತು ಅಮೆರಿಕ ನಮ್ಮ ವಿಷಯ: ಹಬೆ, ಗಿರಣಿ, ರೈಲು, ಅವುಗಳ ಬೆನ್ನಿಗೇ ಬಂದ ಕಾನೂನುಗಳು, ಮನವಿಗಳು, ಹೊಸ ಗಡಿಗಳು. ಏಳು ವಸ್ತುಗಳ ಎದುರು ನಿಂತು ಹೆಡ್‌ಫೋನಿನಲ್ಲಿ ವಿವರಣೆ ಕೇಳುವ ಏರ್ಪಾಡಿತ್ತು. ಒಂದೊಂದಕ್ಕೂ ತೊಂಬತ್ತು ಸೆಕೆಂಡು. ಆ ವಿವರಣೆಗಳನ್ನು ಸಿದ್ಧಮಾಡುವುದು ನನ್ನ ಕೆಲಸ. ಅರಬ್ಬಿ, ಇಂಗ್ಲಿಷ್, ಹಿಂದಿ, ಮಲಯಾಳಂ ಮೊದಲೇ ನಿಗದಿಯಾಗಿದ್ದವು. ಸಾಧನದಲ್ಲಿ ಐದನೆಯ ಭಾಷೆಗೆ ಜಾಗ ಖಾಲಿಯಿತ್ತು. ವಾರದ ಸಭೆಯಲ್ಲಿ, ಯಾರೂ ಏನೂ ಹೇಳದೆ ಇದ್ದಾಗ, ನಾನು ಕನ್ನಡ ಎಂದೆ.

ನಾನು ಸಭೆಗಳಲ್ಲಿ ಬಾಯಿ ಬಿಡುವವಳಲ್ಲ. ಅದಕ್ಕೇ ಇರಬೇಕು, ನಮ್ಮ ವಿಭಾಗದ ಮುಖ್ಯಸ್ಥೆ ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಅವರು ಲೆಬನಾನಿನ ಬೈರೂತಿನವರು, ಮಾತು ಚುರುಕು, ಮನಸ್ಸು ಮೆತ್ತಗೆ.

"ಎಷ್ಟು ಜನ ಕೇಳುತ್ತಾರೆ?"

"ಗೊತ್ತಿಲ್ಲ. ಈ ಊರಿನಲ್ಲಿ ನಮ್ಮವರು ಬಹಳ ಇದ್ದಾರೆ. ಇಲ್ಲಿಗೆ ಬರುವವರು ಕಡಿಮೆ."

"ಹಾಗಾದರೆ ಪರೀಕ್ಷೆ ಮಾಡೋಣ. ಐದು ಜನರನ್ನು ಕರೆದುಕೊಂಡು ಬಾ. ಪ್ರತಿ ವಿವರಣೆಯನ್ನೂ ಐವರಲ್ಲಿ ನಾಲ್ವರಾದರೂ ಕೊನೆಯವರೆಗೆ ಕೇಳಬೇಕು. ಕೇಳಿದರೆ ಕನ್ನಡ ಇರುತ್ತದೆ. ಇಲ್ಲದಿದ್ದರೆ ಖಲಾಸ್, ಸಾಧನದ ಐದನೆಯ ಗುಂಡಿಯನ್ನು ಮುಚ್ಚಿಬಿಡೋಣ."

ಷರತ್ತು ನ್ಯಾಯವಾಗಿಯೇ ಇತ್ತು. ಕೇಳುಗ ಎಷ್ಟನೇ ಸೆಕೆಂಡಿಗೆ ನಿಲ್ಲಿಸಿದ ಎಂಬುದನ್ನು ಸಾಧನವೇ ಬರೆದಿಟ್ಟುಕೊಳ್ಳುತ್ತದೆ. ಅದರ ಹತ್ತಿರ ದಾಕ್ಷಿಣ್ಯ ನಡೆಯುವುದಿಲ್ಲ.

ಅಲ್ ಹಿಲಾಲ್‌ನ ನನ್ನ ಮನೆಯಲ್ಲಿ ಎರಡು ವಾರ ಕೂತು ಏಳು ವಿವರಣೆಗಳನ್ನು ಬರೆದೆ. ಇಂಗ್ಲಿಷಿನ ತೊಂಬತ್ತು ಸೆಕೆಂಡು ಕನ್ನಡದಲ್ಲಿ ನೂರ ಇಪ್ಪತ್ತಾಗುತ್ತಿತ್ತು. ಕತ್ತರಿಸಿದೆ. ಕಾರ್ಖಾನೆಯ ಮಕ್ಕಳಿಗಾಗಿ ತೆರೆದ ಶಾಲೆಯ ಸ್ಲೇಟು, ದಿನಕ್ಕೆ ಹತ್ತೇ ಗಂಟೆ ಕೆಲಸ ಕೊಡಿ ಎಂದು ಬೇಡಿದ ಮನವಿ ಪತ್ರ, ಅಮೆರಿಕದ ರೈಲು ಹಾದಿಯ ನಕ್ಷೆ, ಎಲ್ಲದಕ್ಕೂ ಒಂದೊಂದು ಪದ ಆರಿಸಿ ಜೋಡಿಸಿದೆ. ತಪ್ಪು ಒಂದೂ ಇರಲಿಲ್ಲ. ಬೇರೆ ಧ್ವನಿ ಸಿಗದೆ ನಾನೇ ಓದಿ ಧ್ವನಿಮುದ್ರಿಸಿದೆ.

ಮೊದಲ ಪರೀಕ್ಷೆಗೆ ಬಂದ ಐವರು: ಇಬ್ಬರು ನರ್ಸುಗಳು, ಒಬ್ಬರು ಬಸ್ ಚಾಲಕರು, ಒಬ್ಬರು ಕಚೇರಿ ಗುಮಾಸ್ತೆ, ಮತ್ತು ಸೂಕ್ ವಾಕಿಫ್ ಎಂಬ ಹಳೆಯ ಪೇಟೆಯಲ್ಲಿ ಮಸಾಲೆ ಅಂಗಡಿ ಇಟ್ಟಿರುವ ಬ್ಯಾರಿ ಹಿರಿಯರು. ಅವರಲ್ಲಿ ನಾನು ಏಲಕ್ಕಿ, ಲವಂಗ ಕೊಳ್ಳುವುದು. ಎಲ್ಲರೂ ಅವರನ್ನು ಕಾಕ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ನಾನು ಗಿರಾಕಿಯಾಗಿ ಇಷ್ಟು ವರ್ಷದಲ್ಲಿ ಆಡಿದ್ದಕ್ಕಿಂತ ಹೆಚ್ಚು ಮಾತನ್ನು ಅವರು ಒಂದು ಪೊಟ್ಟಣ ಕಟ್ಟುವಾಗ ಆಡುತ್ತಾರೆ.

ನಾನು ಗೋಡೆಯ ಪಕ್ಕದಲ್ಲಿ ಕೈಕಟ್ಟಿ ನಿಂತು ನೋಡಿದೆ. ಹಬೆ ಯಂತ್ರದ ಎದುರು ಐವರೂ ನಿಂತರು. ಗಡಿಯಾರದ ಎದುರು ಬಸ್ ಚಾಲಕರು ನಲವತ್ತನೇ ಸೆಕೆಂಡಿಗೆ ಮುಂದೆ ನಡೆದರು. ನರ್ಸುಗಳು ಇಬ್ಬರೂ ಒಟ್ಟಿಗೆ ಗುಂಡಿ ಒತ್ತಿ, ತಮ್ಮೊಳಗೆ ಏನೋ ಮಾತಾಡಿಕೊಂಡು, ಹೊಲಿಗೆ ಯಂತ್ರದ ಕಡೆಗೆ ಹೋದರು. ಕೊನೆಯವರೆಗೆ ಕೇಳಿದ್ದು ಗುಮಾಸ್ತೆ ಒಬ್ಬರೇ. ಅವರು ಸ್ವಭಾವತಃ ಯಾವುದನ್ನೂ ಅರ್ಧಕ್ಕೆ ಬಿಡದವರು ಎಂದು ಆಮೇಲೆ ತಿಳಿಯಿತು.

ಕಾಕ ಹೆಡ್‌ಫೋನ್ ಕತ್ತಿಗೆ ಇಳಿಸಿಕೊಂಡು ನನ್ನ ಹತ್ತಿರ ಬಂದರು.

"ಚಂದ ಉಂಟು ಮಗಾ. ಒಂದು ಕಲ್ಲು ಇಲ್ಲ ಅಕ್ಕಿಯಲ್ಲಿ."

"ಮತ್ತೆ ಯಾಕೆ ಮಧ್ಯದಲ್ಲಿ ನಿಲ್ಲಿಸಿದಿರಿ ಕಾಕ?"

"ರೇಡಿಯೋದಲ್ಲಿ ವಾರ್ತೆ ಓದಿದ ಹಾಗೆ ಉಂಟು. ವಾರ್ತೆ ಬರುವಾಗ ನಾವು ಸುಮ್ನೆ ಕೂತ್ಕೊಳ್ಳುದಿಲ್ಲ ಮಗಾ. ಕೊತ್ತಂಬರಿ ಹಸನು ಮಾಡ್ತೇವೆ." ನನ್ನ ಮುಖ ನೋಡಿಯೋ ಏನೋ, ಸೇರಿಸಿದರು: "ಶುಕ್ರವಾರ ಅಜೀಜಿಯಾಕ್ಕೆ ಹೋಗು. ಅಲ್ಲಿ ನಮ್ಮ ಊರಿನವರ ತಾಳಮದ್ದಳೆ ಉಂಟು. ಮಾತು ಅಂದ್ರೆ ಎಂತ ಅಂತ ಗೊತ್ತಾಗ್ತದೆ."

ಮುಖ್ಯಸ್ಥೆ ಅಂಕಿಗಳನ್ನು ನೋಡಿದರು. ಬೈಯಲಿಲ್ಲ. ಹನ್ನೆರಡು ದಿನದ ನಂತರ ಎಲ್ಲ ಭಾಷೆಗಳ ಕಡತಗಳೂ ಮುಚ್ಚುತ್ತವೆ, ಅಷ್ಟರೊಳಗೆ ಇನ್ನೊಂದು ಸಲ ಅದೇ ಐವರನ್ನು ಕರೆಯಬಹುದು ಎಂದರು. ಎರಡನೆಯದರಲ್ಲೂ ಸೋತರೆ ತಾವೇನೂ ಮಾಡುವಂತಿಲ್ಲ ಎಂದರು.

ನಾನು ದಾವಣಗೆರೆಯವಳು. ತಾಳಮದ್ದಳೆ ಎಂದರೆ ವೇಷವಿಲ್ಲದ ಯಕ್ಷಗಾನ ಎಂದಷ್ಟೇ ಓದಿ ತಿಳಿದಿದ್ದೆ. ಅಲ್ ಅಜೀಜಿಯಾದ ಒಂದು ವಿಲ್ಲಾದ ಉದ್ದನೆಯ ಹಾಲ್‌ನಲ್ಲಿ ಸುಮಾರು ನಲವತ್ತು ಜನ ಜಮಖಾನದ ಮೇಲೆ ಕೂತಿದ್ದರು. ಎದುರಿಗೆ ಹಾಡುವ ಭಾಗವತರು, ಮದ್ದಳೆಯವರು, ಅವರ ಎರಡು ಪಕ್ಕದಲ್ಲಿ ಬಿಳಿ ಪಂಚೆಯುಟ್ಟು ಶಾಲು ಹೊದ್ದ ಅರ್ಥಧಾರಿಗಳು. ಭಾಗವತರು ಒಂದು ಪದ್ಯ ಹಾಡುತ್ತಾರೆ. ಆ ಪದ್ಯದಲ್ಲಿರುವ ಪಾತ್ರವನ್ನು ವಹಿಸಿಕೊಂಡವರು ಕೂತಲ್ಲೇ ಅದಕ್ಕೆ ಅರ್ಥ ಹೇಳುತ್ತಾರೆ. ಬರೆದುಕೊಂಡದ್ದು ಏನೂ ಇಲ್ಲ. ಎದುರಿನವರು ಅದಕ್ಕೆ ಉತ್ತರ ಕೊಡುತ್ತಾರೆ, ಇವರು ಪ್ರತ್ಯುತ್ತರ ಕೊಡುತ್ತಾರೆ. ಮದ್ದಳೆ ಸುಮ್ಮನಿರುತ್ತದೆ.

ಅಂದು ಸೋಲುವ ರಾಜನ ಪಾತ್ರ ವಹಿಸಿದ್ದವರು ಐವತ್ತೈದು ದಾಟಿದ, ಸಣ್ಣ ಮೈಕಟ್ಟಿನ ಒಬ್ಬರು. ಕಥೆಯಲ್ಲಿ ಆ ರಾಜನ ಅನ್ಯಾಯ ಎಲ್ಲರಿಗೂ ಗೊತ್ತಿತ್ತು. ಆದರೆ ಅವರು ಮಾತಾಡುತ್ತಾ ಹೋದಂತೆ ಹಾಲ್ ಪೂರ್ತಿ ಆ ರಾಜನ ಕಡೆಗೆ ವಾಲಿತು. ಎದುರಿದ್ದವರು ಎರಡು ಸಲ ಶಾಲು ಸರಿಮಾಡಿಕೊಂಡರು. ನನ್ನ ಪಕ್ಕದ ಹೆಂಗಸು ತನ್ನಷ್ಟಕ್ಕೆ, "ಬಿಡುದಿಲ್ಲ ಇವರು, ಬಿಡುದಿಲ್ಲ" ಎಂದು ಸಂತೋಷದಿಂದ ತಲೆ ಅಲ್ಲಾಡಿಸಿದಳು. ನನಗೆ ಸಮಯ ನೋಡಲು ನೆನಪಾಗಲಿಲ್ಲ. ಇದು ನನ್ನ ಮಟ್ಟಿಗೆ ಅಪರೂಪ.

ಮುಗಿದ ಮೇಲೆ, ಚಹಾ ಕುಡಿಯುತ್ತಿದ್ದ ಆ ರಾಜನ ಅರ್ಥಧಾರಿಯ ಹತ್ತಿರ ಹೋಗಿ, ನನ್ನ ವಿವರಣೆಗಳನ್ನು ಓದಿಕೊಡುತ್ತೀರಾ ಎಂದು ಕೇಳಿದೆ. ಅವರು ಎಸಿ ತಂತ್ರಜ್ಞರು; ದೊಡ್ಡ ಕಟ್ಟಡಗಳ ತಂಪಿನ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ. ಇಪ್ಪತ್ತೊಂಬತ್ತರ ನನ್ನನ್ನು ಮೊದಲ ಮಾತಿನಿಂದಲೇ ಅಕ್ಕ ಎಂದರು.

"ಓದಿ ಹೇಳುದು ನನಗೆ ಬರುದಿಲ್ಲ ಅಕ್ಕ. ಕಾಗದ ಕೈಯಲ್ಲಿದ್ರೆ ನಾಲಿಗೆ ಒಣಗ್ತದೆ. ಇರ್ಲಿ, ನನ್ನ ಪಾತ್ರ ಯಾವುದು?"

"ಪಾತ್ರ ಇಲ್ಲ ಅಣ್ಣ. ಗಡಿಯಾರದ ಬಗ್ಗೆ ಮಾಹಿತಿ."

"ಮಾಹಿತಿ ಹೇಳುದು ಯಾರು?"

"ಯಾರೂ ಅಲ್ಲ. ಸುಮ್ಮನೆ ಮಾಹಿತಿ."

ಅವರು ಚಹಾದ ಲೋಟ ಕೆಳಗಿಟ್ಟರು. "ಯಾರೂ ಅಲ್ಲದವ ಹೇಳಿದ್ದನ್ನು ನಾನ್ಯಾಕೆ ಕೇಳ್ಬೇಕು ಮಾರ್ರೆ? ಅವನಿಗೆ ಮನೆ ಇಲ್ವಾ? ಹೊಟ್ಟೆ ಇಲ್ವಾ? ಆ ಗಡಿಯಾರ ಹಾಕ್ಸಿದವ ಒಬ್ಬ ಇದ್ದಾನಲ್ಲ, ಅವನನ್ನು ಕೊಡಿ ನನಗೆ. ಅವ ಹೇಳ್ಲಿ ಯಾಕೆ ಹಾಕ್ಸಿದ್ದು ಅಂತ."

ಹೀಗೆ ಗಿರಣಿಯ ಮಾಲೀಕ ನಮ್ಮ ಮಧ್ಯೆ ಬಂದ.

ಧ್ವನಿಮುದ್ರಣದ ಕೋಣೆ ಪ್ರದರ್ಶನಾಲಯದ ಉಗ್ರಾಣಕ್ಕೆ ಅಂಟಿಕೊಂಡಿದೆ. ಮೇಲಿನ ಕಿಂಡಿಯಿಂದ ಗಾಳಿಯ ಮೊರೆತ ಮೈಕಿಗೆ ಬೀಳುತ್ತಿತ್ತು. ಎಸಿ ನಿಲ್ಲಿಸುವಂತಿಲ್ಲ, ಪಕ್ಕದ ವಸ್ತುಗಳಿಗೆ ಒಂದೇ ಹದದ ತಂಪು ಬೇಕು. ನನ್ನ ಮೊದಲ ಮುದ್ರಣಗಳಲ್ಲೆಲ್ಲ ಆ ಮೊರೆತ ಹಿನ್ನೆಲೆಯಲ್ಲಿತ್ತು, ನಾನು ಅದಕ್ಕೆ ಹೊಂದಿಕೊಂಡಿದ್ದೆ. ಅರ್ಥಧಾರಿ ಬಾಗಿಲಲ್ಲೇ ನಿಂತು ಚಾವಣಿ ನೋಡಿದರು.

"ಮೆಷಿನ್ ನಿಲ್ಲಿಸುದು ಎಂತಕ್ಕೆ? ಈ ಕೋಣೆಯ ಡ್ಯಾಂಪರ್ ಮುಚ್ಚಿದ್ರೆ ಆಯ್ತು. ಗಾಳಿ ಆಚೆ ಹೋಗ್ತದೆ."

ಕಟ್ಟಡ ನಿರ್ವಹಣೆಯವರಿಂದ ಲಿಖಿತ ಅನುಮತಿ ತರಲು ನನಗೆ ಒಂದು ದಿನ ಹಿಡಿಯಿತು. ಡ್ಯಾಂಪರ್, ಅಂದರೆ ಕೊಳವೆಯೊಳಗಿನ ತಗಡಿನ ಮುಚ್ಚಳ, ಮುಚ್ಚಲು ಅವರಿಗೆ ಹಿಡಿದದ್ದು ಅರ್ಧ ನಿಮಿಷ. ಕೋಣೆ ಒಮ್ಮೆಲೇ ಎಷ್ಟು ನಿಶ್ಶಬ್ದವಾಯಿತೆಂದರೆ ನನ್ನ ಬಟ್ಟೆಯ ಸದ್ದು ನನಗೆ ಕೇಳಿಸಿತು. ಹತ್ತು ನಿಮಿಷಕ್ಕೆ ಬೆವರು. ಆಗ ಮುಚ್ಚಳ ತೆರೆದು ತಣ್ಣಗಾಗುವುದು, ಮತ್ತೆ ಮುಚ್ಚುವುದು. ಮಾತಿನ ಭರದಲ್ಲಿ ಅವರು ಮೇಜಿಗೆ ಹೊಡೆಯುತ್ತಿದ್ದರು, ಅದಕ್ಕಾಗಿ ಮೇಜಿನ ಮೇಲೆ ದಪ್ಪ ಟವೆಲ್ ಹಾಸಿದೆ.

ಕೆಲಸದ ಕ್ರಮವನ್ನು ಹೇಳಿಕೊಟ್ಟದ್ದು ಅವರೇ. "ನೀವೇ ಭಾಗವತರು. ನಿಮ್ಮದು ಒಂದೊಂದೇ ವಾಕ್ಯ ಓದಿ. ನಾನು ಅರ್ಥ ಹೇಳ್ತಾ ಹೋಗ್ತೇನೆ."

ಹಾಗೆಯೇ ಮಾಡಿದೆವು. 'ಗಡಿಯಾರದ ಕೆಳಗಿನ ಮುಖ ಗಿರಣಿಯ ಸಮಯ ತೋರಿಸುತ್ತದೆ' ಎಂದು ನಾನು ಓದುತ್ತಿದ್ದೆ. ಅವರು ಒಂದು ಕ್ಷಣ ಕಣ್ಣು ಮುಚ್ಚಿ, ಗಂಟಲು ಸರಿಮಾಡಿಕೊಂಡು, ಸಭೆಯಲ್ಲಿ ಆಡುವ ತಿದ್ದಿದ ಭಾಷೆಯಲ್ಲಿ ಶುರುಮಾಡುತ್ತಿದ್ದರು: "ಅಯ್ಯಾ, ನೀವು ಈ ಗಡಿಯಾರವನ್ನು ಕಂಡು ಮುಖ ಸಿಂಡರಿಸುತ್ತೀರಿ. ನಾನು ನಿಮ್ಮನ್ನು ಒಂದು ಮಾತು ಕೇಳುತ್ತೇನೆ. ಹೊಳೆಗೆ ನೀರು ಬಾರದ ದಿನ ನನ್ನ ಮಗ್ಗಗಳು ಅರ್ಧ ಮಲಗಿರುತ್ತವೆ. ಅರ್ಧ ಮಲಗಿದ ಮಗ್ಗದ ಎದುರು ನಿಂತವನು ಪೂರ್ತಿ ದುಡಿದ ಎಂದು ನಾನು ಯಾವ ಬಾಯಿಂದ ಹೇಳಲಿ?"

ಒಂಬತ್ತು ನಿಮಿಷ ಮಾತಾಡಿದರು. ನಾನು ನನ್ನ ಓದನ್ನು ತೆಗೆದು, ಅವರದನ್ನು ಕತ್ತರಿಸಿ ಜೋಡಿಸಿ ತೊಂಬತ್ತು ಸೆಕೆಂಡಿಗೆ ಇಳಿಸಿದೆ. ನಾಲ್ಕು ದಿನದಲ್ಲಿ ಏಳೂ ಮುಗಿದವು. ಹಬೆ ಯಂತ್ರಕ್ಕೆ ಅದನ್ನು ನಡೆಸುವವನು, ಹೊಲಿಗೆ ಯಂತ್ರಕ್ಕೆ ಅದನ್ನು ಮನೆ ಮನೆಗೆ ಹೊತ್ತು ಮಾರಿದವನು, ನಕ್ಷೆಗೆ ಅದನ್ನು ಬರೆದ ಅಳತೆಗಾರ. ಮನೆಯಲ್ಲಿ ಅಡುಗೆ ಮಾಡುತ್ತಾ ಅವುಗಳನ್ನು ಮತ್ತೆ ಮತ್ತೆ ಕೇಳಿದೆ. ಕೆಲಸಕ್ಕಾಗಿ ಅಲ್ಲ.

ನಿಯಮದಂತೆ ಪ್ರತಿಯೊಂದರ ಇಂಗ್ಲಿಷ್ ಅನುವಾದವನ್ನೂ ಮುಖ್ಯಸ್ಥೆಗೆ ಕಳಿಸಬೇಕು. ಮರುದಿನ ಬೆಳಗ್ಗೆ ಕರೆದರು. ಎರಡು ಹಾಳೆಗಳನ್ನು ಬೇರೆ ಇಟ್ಟಿದ್ದರು: ಗಡಿಯಾರ, ನಕ್ಷೆ.

"ಇದನ್ನು ನೀನೇ ಓದಿದ್ದೀಯ?"

"ನಾನೇ ಅನುವಾದ ಮಾಡಿದ್ದು."

"ಹಾಗಾದರೆ ಹೇಳು. ಇದನ್ನು ಕೇಳಿದವರು ಏನೆಂದುಕೊಂಡು ಹೋಗುತ್ತಾರೆ?"

ನಾನು ಹಾಳೆ ನೋಡಿದೆ. ಇಂಗ್ಲಿಷಿನಲ್ಲಿ, ಧ್ವನಿಯಿಲ್ಲದೆ, ಅದು ಸ್ಪಷ್ಟವಾಗಿತ್ತು. ಮಾಲೀಕ ಹೇಳುವುದು ಸರಿ ಎಂದುಕೊಂಡು ಹೋಗುತ್ತಾರೆ. ಗಡಿಯಾರ ನ್ಯಾಯವಾಗಿದೆ, ಹತ್ತು ಗಂಟೆಯ ಕೆಲಸ ಕೇಳಿದವರು ಸೋಮಾರಿಗಳು. ನಕ್ಷೆಯ ಅಳತೆಗಾರನ ಪ್ರಕಾರ ಪಶ್ಚಿಮದ ಭೂಮಿ ಖಾಲಿ ಬಿದ್ದಿತ್ತು, ರೈಲು ಹೋಗಿ ಅದಕ್ಕೆ ಹೆಸರು ಕೊಟ್ಟಿತು; ಅಲ್ಲಿ ಮೊದಲೇ ಇದ್ದವರ ಮಾತೇ ಇರಲಿಲ್ಲ.

"ಇಲ್ಲಿಗೆ ಬರುವವರಲ್ಲಿ ಪಾಳಿಯ ಮೇಲೆ ದುಡಿಯುವವರು ಎಷ್ಟು ಜನ ಇದ್ದಾರೆ?" ಎಂದು ಅವರು ಕೇಳಿದರು. ದನಿ ಏರಿಸಲಿಲ್ಲ. "ಅವರ ಕಿವಿಗೆ ನಾವು ಇದನ್ನು ಹೇಳುತ್ತೇವೆಯೇ?"

ನಾನು ಇತಿಹಾಸ ಓದಿದವಳು. ಒಂದು ವಾಕ್ಯದ ಆಧಾರ ಸಿಗದಿದ್ದರೆ ಮೂರು ದಿನ ಹುಡುಕುವವಳು. ಅಂಥ ನಾನು ಇದನ್ನು ಹತ್ತು ಸಲ ಕೇಳಿಯೂ ಗಮನಿಸಿರಲಿಲ್ಲ. ಕೇಳುವ ಸುಖದಲ್ಲಿದ್ದೆ. ತಪ್ಪು ಅರ್ಥಧಾರಿಯದಲ್ಲ. ತಾಳಮದ್ದಳೆಯಲ್ಲಿ ವಹಿಸಿಕೊಂಡ ಪಾತ್ರವನ್ನು ಕೊನೆಯವರೆಗೆ ಸಮರ್ಥಿಸುವುದೇ ಅರ್ಥಧಾರಿಯ ಧರ್ಮ. ಆ ರಾಜ ಎಷ್ಟು ಮಾತಾಡಿದರೂ ಕಥೆ ತಪ್ಪದೆ ಇದ್ದದ್ದು ಎದುರಿಗೆ ಇನ್ನೊಬ್ಬರು ಕೂತಿದ್ದರಿಂದ. ನಾನು ಎದುರಿನವರನ್ನೇ ಕೂರಿಸದೆ ಒಬ್ಬರಿಂದ ತಾಳಮದ್ದಳೆ ಆಡಿಸಿದ್ದೆ.

"ಹಳೆಯದನ್ನೇ ಹಾಕುತ್ತೀಯಾ, ನೀನು ಓದಿದ್ದನ್ನು?" ಎಂದರು ಮುಖ್ಯಸ್ಥೆ. ಅದು ಮೊದಲ ಪರೀಕ್ಷೆಯಲ್ಲೇ ಸೋತದ್ದು ಎಂದು ಇಬ್ಬರಿಗೂ ಗೊತ್ತಿತ್ತು. ಕಡತ ಮುಚ್ಚಲು ನಾಲ್ಕು ದಿನ ಉಳಿದಿತ್ತು.

ಅರ್ಥಧಾರಿಗೆ ಫೋನು ಮಾಡಿದೆ. ಯಾವುದೋ ಕಟ್ಟಡದ ಮಾಳಿಗೆಯ ಮೇಲಿದ್ದರು, ಹಿಂದೆ ಫ್ಯಾನುಗಳ ಸದ್ದು. ಕೊನೆಯಲ್ಲಿ ಮಾಲೀಕ ತನ್ನ ತಪ್ಪು ಒಪ್ಪಿಕೊಳ್ಳುವಂತೆ ಎರಡು ವಾಕ್ಯ ಸೇರಿಸಬಹುದೇ ಎಂದು ಕೇಳಿದೆ.

"ಸುಮ್ನೆ ಒಪ್ಪಿಕೊಳ್ಳುದಾ?"

"ಹೌದು ಅಣ್ಣ."

"ಸೋಲ್ಲಿಕ್ಕೆ ನನಗೇನೂ ಬೇಜಾರಿಲ್ಲ ಅಕ್ಕ. ಸಾವಿರ ಸಲ ಸೋತಿದ್ದೇನೆ. ಆದ್ರೆ ಸೋಲಿಸ್ಲಿಕ್ಕೆ ಎದುರು ಒಬ್ಬ ಬೇಕಲ್ಲ. ಎದುರು ಜನ ಇಲ್ದೆ ಸೋತ್ರೆ ಅದು ನಾಟಕ ಮಾರ್ರೆ, ಕೇಳುವವನಿಗೆ ಗೊತ್ತಾಗ್ತದೆ." ಹಾಗೇ ಮುಂದುವರಿಸಿದರು: "ನಕ್ಷೆಯದ್ದು ನಾನೇ ಸರಿಮಾಡ್ತೇನೆ. ಅದರಲ್ಲಿ ಆ ಖಾಲಿ ಜಾಗದಲ್ಲಿ ಅಲ್ಲಲ್ಲಿ ಕೋಟೆ ಬರೆದಿದ್ದಾರೆ, ನೋಡಿದ್ದೀರಾ? ಜನ ಇಲ್ಲದ ಜಾಗಕ್ಕೆ ಕೋಟೆ ಎಂತಕ್ಕೆ? ಅಳತೆಗಾರನ ಸಹಾಯಕ ಒಬ್ಬ ಅದನ್ನು ಕೇಳ್ಲಿ, ಸಾಕು, ಎರಡು ದನಿ ನಾನೇ ಮಾಡ್ತೇನೆ. ಗಡಿಯಾರದ್ದು ಹಾಗಾಗುದಿಲ್ಲ. ಅಲ್ಲಿ ಎದುರು ನಿಲ್ಲುವವಳು ಹುಡುಗಿ. ನಿಮ್ಮ ಮನವಿ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದವಳು."

ಮನವಿಯಲ್ಲಿ ಇದ್ದದ್ದು ಹೆಬ್ಬೆಟ್ಟಲ್ಲ, ಓದುಬರಹ ಬಾರದವರು ಹಾಕಿದ ಗುಣಿಸು ಚಿಹ್ನೆ. ಅದನ್ನು ಹೇಳಿ, ಅವರ ತಂಡದಲ್ಲಿ ಹೆಂಗಸರು ಯಾರಾದರೂ ಇದ್ದಾರೆಯೇ ಎಂದು ಕೇಳಿದೆ.

"ಒಬ್ಬರಿದ್ದಾರೆ, ಊರಿಗೆ ಹೋಗಿದ್ದಾರೆ. ನೀವೇ ಕೂತ್ಕೊಳ್ಳಿ."

ನನಗೆ ಬರುವುದಿಲ್ಲ ಎಂದೆ. ನಾನು ಬರೆಯುವವಳು ಎಂದೆ. ಸಭೆಯಲ್ಲಿ ಎರಡು ವಾಕ್ಯ ಆಡಲು ಒಂದು ವಾರ ತಯಾರಿ ಮಾಡುವವಳು ಎಂದು ಹೇಳಲಿಲ್ಲ. ಅವರು ಎಲ್ಲವನ್ನೂ ಕೇಳಿ, "ಶನಿವಾರ ನನಗೆ ರಜೆ. ಡ್ಯಾಂಪರ್ ಮುಚ್ಚುವ ಅನುಮತಿ ತಗೊಳ್ಳಿ" ಎಂದು ಫೋನಿಟ್ಟರು.

ಎರಡು ದಾರಿಗಳಿದ್ದವು. ಆ ಒಂದು ವಿವರಣೆಯನ್ನು ನನ್ನ ಹಳೆಯ ಓದಿಗೆ ಬಿಟ್ಟು, ಐವರಲ್ಲಿ ನಾಲ್ವರು ನಿಲ್ಲಲಿ ಎಂದು ಹಾರೈಸುವುದು. ಇಲ್ಲವೇ ಎದುರು ಕೂರುವುದು. ಅನುಮತಿ ಪತ್ರ ಬರೆದೆ.

ಶನಿವಾರ ಮೊದಲ ಸಲ ಮಾಲೀಕ ಮಾತು ಮುಗಿಸಿ ನನ್ನತ್ತ ಕೈ ಮಾಡಿದಾಗ ನನ್ನ ಹಾಳೆಯಿಂದ ಓದಿದೆ. ಅವರು ಮಧ್ಯದಲ್ಲೇ ಟವೆಲಿನ ಮೇಲೆ ಕೈಯೂರಿ ನಿಲ್ಲಿಸಿದರು.

"ಅದನ್ನು ಮಡಚಿ ಚೀಲಕ್ಕೆ ಹಾಕಿ. ಆ ಹುಡುಗಿಯ ಕೈಯಲ್ಲಿ ಕಾಗದ ಎಲ್ಲಿಂದ ಬಂತು?"

ಎರಡನೆಯ ಸಲ ಹಾಳೆ ಇಲ್ಲದೆ ಪ್ರಯತ್ನಿಸಿದೆ. ಅವರು ಒಂದಿಷ್ಟೂ ಕರುಣೆ ತೋರಲಿಲ್ಲ. ನಾನು ಒಂದು ಮಾತು ಆಡಿದರೆ ಅದನ್ನೇ ಹಿಡಿದು ತಿರುಗಿಸಿದರು. "ದಣಿವೇ? ದಣಿವು ನನಗಿಲ್ಲವೇ? ನೀನು ಮನೆಗೆ ಹೋಗಿ ನಿದ್ದೆ ಮಾಡುತ್ತೀಯ, ನಾನು ನಾಳೆ ಹೊಳೆಗೆ ನೀರು ಬರುವುದೋ ಎಂದು ಎದ್ದು ಕೂತಿರುತ್ತೇನೆ." ಬೆವರು ಕಣ್ಣಿಗಿಳಿಯಿತು. ಅವರು ಎದ್ದು ಮುಚ್ಚಳ ತೆರೆದರು. ತಣ್ಣನೆಯ ಗಾಳಿಗೆ ಇಬ್ಬರೂ ಮುಖವೊಡ್ಡಿ ಕೂತೆವು.

"ಇಷ್ಟೆಲ್ಲ ಓದಿದ್ದೀರಿ" ಎಂದರು ಮೆಲ್ಲಗೆ. "ಅಷ್ಟನ್ನೂ ಹೇಳ್ಬೇಕು ಅಂತ ಹೊರಟಿದ್ದೀರಿ. ಅಷ್ಟು ಬೇಡ ಅಕ್ಕ. ನನಗೆ ಉತ್ತರ ಇಲ್ಲದ್ದು ಒಂದು ಕೇಳಿ. ಒಂದೇ."

"ನೀವು ಎಲ್ಲದಕ್ಕೂ ಉತ್ತರ ಕೊಡುತ್ತೀರಿ."

"ಕೊಡ್ತೇನೆ. ಇದ್ದದ್ದಕ್ಕೆ."

ಆಗ ನನಗೆ ನನ್ನ ಅಜ್ಜಿ ನೆನಪಾದಳು. ಅವಳ ವಿಷಯ ನಾನು ಇಲ್ಲಿ ಯಾರ ಹತ್ತಿರವೂ ಆಡಿದವಳಲ್ಲ. ದಾವಣಗೆರೆಯ ಬಟ್ಟೆ ಗಿರಣಿಯೊಂದರಲ್ಲಿ ನೂಲು ಸುತ್ತುವ ವಿಭಾಗದಲ್ಲಿದ್ದಳು. ಗಿರಣಿ ಮುಚ್ಚಿ ಎಷ್ಟೋ ಕಾಲವಾದ ಮೇಲೂ ಸೈರನ್ನಿನ ಹೊತ್ತಿಗೆ ಎದ್ದು ಕೂರುತ್ತಿದ್ದಳು. ಅವಳದು ಮಾತು ಕಡಿಮೆ. ಯಾರಾದರೂ ನಮಗೆ ಏನಾದರೂ ಕಡಿಮೆ ಅಳೆದು ಕೊಟ್ಟರೆ ಜಗಳ ಕಾಯುತ್ತಿರಲಿಲ್ಲ. ಅಳೆಯುವವನ ಮುಖ ನೋಡುತ್ತಾ, ಹೆಚ್ಚಿಗೆ ಬಿದ್ದಾಗ ವಾಪಸು ತಗೊಂಡ್ಯಲ್ಲ, ಕಡಿಮಿ ಬಿದ್ದದ್ದು ಹಾಕಲ್ವೇನು, ಎಂದು ಕೇಳುತ್ತಿದ್ದಳು ಅಷ್ಟೇ.

ಮುಚ್ಚಳ ಮುಚ್ಚಿ ಬನ್ನಿ ಎಂದೆ.

ಮೂರನೆಯ ಸಲ ಮಾಲೀಕ ಇನ್ನೂ ಚೆನ್ನಾಗಿ ಮಾತಾಡಿದ. ನೀರು ಕಡಿಮೆಯಾದಾಗ ಗಡಿಯಾರ ನಿಧಾನವಾಗುವುದು ನ್ಯಾಯ, ಗಡಿಯಾರಕ್ಕೆ ದ್ವೇಷವಿಲ್ಲ, ಪಕ್ಷಪಾತವಿಲ್ಲ, ಅದು ಹೊಳೆಯ ಮಾತನ್ನು ಕೇಳುತ್ತದೆ ಎಂದ. ನನ್ನತ್ತ ಕೈ ಮಾಡಿದ. ನಾನು ಬರೆಯುವ ಭಾಷೆ ಎಲ್ಲಿ ಹೋಯಿತೋ. ಬಾಯಿಗೆ ಬಂದದ್ದು ಮನೆಯ ಮಾತು.

"ಹೊಳಿ ತುಂಬಿ ಹರ್ದಾಗ ನಿಮ್ ಗಡಿಯಾರ ಮುಂದ್ ಮುಂದ್ ಓಡ್ತಲ್ರಿ. ಅವತ್ತು ನಮ್ಮನ್ನ ಜಲ್ದಿ ಮನಿಗೆ ಬಿಟ್ರೇನು?"

ಅವರು ಬಾಯಿ ತೆರೆದರು. ಕೈ ಟವೆಲಿನ ಮೇಲೆ ಎದ್ದಿತು. ಹಾಗೇ ನಿಂತಿತು. ಕೋಣೆಯಲ್ಲಿ ಏನೂ ಕೇಳಿಸಲಿಲ್ಲ. ಐದು ಸೆಕೆಂಡು, ಆಮೇಲೆ ಅಳೆದೆ. ಅವರು ಕೈಯನ್ನು ಮೆಲ್ಲಗೆ ಇಳಿಸಿ, ಮಾಲೀಕನ ದನಿಯಲ್ಲಿ ಒಮ್ಮೆ ಗಂಟಲು ಸರಿಮಾಡಿಕೊಂಡರು, ಅಷ್ಟೇ. ನಾನು ಯಂತ್ರ ನಿಲ್ಲಿಸಿದೆ.

"ನಮ್ಮಲ್ಲಿ ಉತ್ತರ ಇಲ್ಲದಿದ್ರೆ ಸುಮ್ನಾಗ್ತೇವೆ ಅಕ್ಕ" ಎಂದರು, ಶಾಲಿನಲ್ಲಿ ಮುಖ ಒರೆಸಿಕೊಳ್ಳುತ್ತಾ. "ಆಗ ಭಾಗವತರು ಮುಂದಿನ ಪದ್ಯ ಎತ್ತಿಕೊಳ್ತಾರೆ. ಎಲ್ಲಿತ್ತು ಮಾರ್ರೆ ಇದು ಇಷ್ಟು ದಿನ?"

ಮುಖ್ಯಸ್ಥೆ ಹೊಸ ಅನುವಾದ ಓದಿ, ಮುದ್ರಣ ಕೇಳಿ, ಎರಡು ಪ್ರಶ್ನೆ ಕೇಳಿದರು. ಮೊದಲನೆಯದು: ನೀರು ಹೆಚ್ಚಾದ ದಿನ ಬೇಗ ಬಿಡುತ್ತಿದ್ದರೇ, ಇಲ್ಲವೇ, ಆಧಾರ ಏನು?

"ಆ ಗಿರಣಿಯ ಬಗ್ಗೆ ನಮಗೆ ಸಿಕ್ಕ ಕಾಗದಗಳಲ್ಲಿ ಎರಡಕ್ಕೂ ಆಧಾರ ಇಲ್ಲ. ಅದಕ್ಕೇ ಅವಳು ಹೇಳುವುದಿಲ್ಲ, ಕೇಳುತ್ತಾಳೆ. ಅವನೂ ಹೇಳುವುದಿಲ್ಲ. ಕಾಗದಗಳು ಎಲ್ಲಿ ಸುಮ್ಮನಾಗುತ್ತವೆಯೋ ಅಲ್ಲಿ ಅವನೂ ಸುಮ್ಮನಾಗುತ್ತಾನೆ."

ಅವರು ಹಾಳೆಯ ಅಂಚಿಗೆ ಒಂದು ಗುರುತು ಹಾಕಿದರು. "ಎರಡನೆಯದು. ಆ ಐದು ಸೆಕೆಂಡು. ಯಂತ್ರ ಕೆಟ್ಟಿದೆ ಎಂದುಕೊಂಡು ಗುಂಡಿ ಒತ್ತುತ್ತಾರೆ. ಒಂದಕ್ಕೆ ಇಳಿಸು."

ಇಳಿಸಿ ನೋಡಿದೆ. ಒಂದು ಸೆಕೆಂಡಿನಲ್ಲಿ ಮಾಲೀಕ ಸೋಲುತ್ತಿರಲಿಲ್ಲ, ಉಸಿರು ಎಳೆದುಕೊಳ್ಳುತ್ತಿದ್ದ, ಅಷ್ಟೇ. ಐದನ್ನೇ ಇಟ್ಟೆ, ಇಟ್ಟಿದ್ದೇನೆ ಎಂದು ಬರೆದು ತಿಳಿಸಿದೆ. ಹೊಣೆ ನನ್ನದು ಎಂದೂ ಬರೆದೆ.

ಎರಡನೆಯ ಪರೀಕ್ಷೆಗೆ ಅದೇ ಐವರು ಒಬ್ಬೊಬ್ಬರಾಗಿ ಬಂದರು. ಮುಖ್ಯಸ್ಥೆಯೂ ನನ್ನ ಪಕ್ಕದಲ್ಲಿ ನಿಂತರು. ಉಳಿದ ಆರು ವಿವರಣೆಗಳು ಸರಾಗವಾಗಿ ಹೋದವು. ನಕ್ಷೆಯ ಕೋಟೆಗಳ ಹತ್ತಿರ ಬಸ್ ಚಾಲಕರು ಬಗ್ಗಿ ಬೆರಳಿಟ್ಟು ಎಣಿಸಿದರು. ಗಡಿಯಾರದ ಎದುರು ಗುಮಾಸ್ತೆ ಕೊನೆಯವರೆಗೆ ನಿಂತರು, ಚಾಲಕರೂ ನಿಂತರು. ಒಬ್ಬ ನರ್ಸ್ ನಿಂತಳು. ಇನ್ನೊಬ್ಬಳು ಮೌನ ಬಂದ ಮೂರನೆಯ ಸೆಕೆಂಡಿಗೆ ಗುಂಡಿ ಒತ್ತಿ, ಹೆಡ್‌ಫೋನ್ ತೆಗೆದು ನನ್ನ ಕಡೆಗೆ ಚಾಚಿದಳು.

"ಇದು ಬಂದ್ ಆಯ್ತು ಮೇಡಂ. ಒಳ್ಳೆ ಜಾಗದಲ್ಲಿ ಬಂದ್ ಆಯ್ತು."

ನಾನು ಮೊದಲೇ ಹೇಳಿದ್ದೆನಲ್ಲ ಎಂದು ಮುಖ್ಯಸ್ಥೆ ಹೇಳಲಿಲ್ಲ. ಹೇಳದೆ ಇದ್ದದ್ದಕ್ಕೆ ಇಂದಿಗೂ ನಾನು ಅವರಿಗೆ ಕೃತಜ್ಞಳು. ಮೂವರು ಕೇಳಿದ್ದರು, ಒಬ್ಬಳು ಬಿಟ್ಟಿದ್ದಳು, ಬೇಕಾದದ್ದು ನಾಲ್ವರು. ಉಳಿದವರು ಕಾಕ ಒಬ್ಬರೇ.

ಕಾಕ ಅಂಗಡಿಯಿಂದ ನೇರ ಬಂದಿದ್ದರು, ಅಂಗಿಗೆ ಅರಿಸಿನ ತಗುಲಿತ್ತು. ಗಡಿಯಾರದ ಎದುರು ಕೈ ಬೆನ್ನಿಗೆ ಕಟ್ಟಿ ನಿಂತರು. ಮಾಲೀಕ ಮಾತಾಡುವಾಗ ತಲೆದೂಗಿದರು, ಒಮ್ಮೆ ನಕ್ಕರು. ಆಮೇಲೆ ನಗು ನಿಂತಿತು. ಕೈ ಮುಂದೆ ಬಂದು ಸಾಧನವನ್ನು ಹಿಡಿಯಿತು, ಹೆಬ್ಬೆರಳು ಗುಂಡಿಯ ಮೇಲೆ ಕೂತಿತು. ಲೆಕ್ಕದ ಪ್ರಕಾರ ಆ ಹೊತ್ತಿಗೆ ಮೌನ ಶುರುವಾಗಿರಬೇಕು. ನಾನು ನೆಲ ನೋಡಿದೆ. ಮತ್ತೆ ತಲೆಯೆತ್ತಿದಾಗ ಹೆಬ್ಬೆರಳು ಹಾಗೇ ಇತ್ತು, ಒತ್ತಿರಲಿಲ್ಲ. ಅವರು ಗಡಿಯಾರದ ಕೆಳಗಿನ ಮುಖವನ್ನು ನೋಡುತ್ತಿದ್ದರು. ಅಲ್ಲಿ ಯಾರಾದರೂ ಉತ್ತರ ಕೊಡಬೇಕಾಗಿದೆ ಎನ್ನುವ ಹಾಗೆ.

ಸಾಧನದಲ್ಲಿ ಹಸಿರು ದೀಪ ಬಂತು. ಪೂರ್ತಿ.

"ಖಲಾಸ್" ಎಂದರು ಮುಖ್ಯಸ್ಥೆ ಮೆಲ್ಲಗೆ. ಮೊದಲ ದಿನ ಹೇಳಿದ ಅದೇ ಮಾತು, ಈ ಸಲ ಗುಂಡಿ ಮುಚ್ಚಲು ಅಲ್ಲ. ನನ್ನ ಭುಜವನ್ನು ಒಮ್ಮೆ ಒತ್ತಿ ತಮ್ಮ ಕೋಣೆಗೆ ಹೋದರು.

ಕಾಕ ನನ್ನ ಹತ್ತಿರ ಬಂದರು. "ಆ ಹುಡುಗಿ ಯಾರು ಮಗಾ? ಆರ್ಟಿಸ್ಟಾ?"

"ಅಲ್ಲ ಕಾಕ."

"ನಮ್ಮ ಕಡೆಯ ಮಾತಲ್ಲ ಅದು. ಎಲ್ಲಿಯವಳು?"

"ದಾವಣಗೆರೆಯವಳು."

"ಮಿಲ್ಲಿನ ಊರು." ತಲೆಯಾಡಿಸಿದರು. "ಹಾಗೆ ಹೇಳು. ಅದು ಬಾಯಿಪಾಠ ಮಾಡಿ ಕೇಳಿದ್ದಲ್ಲ. ಅವಳ ಮನೆಯಲ್ಲಿ ಯಾರೋ ಮಿಲ್ಲಿಗೆ ಹೋದವರು ಇದ್ದಾರೆ."

"ಅವಳ ಅಜ್ಜಿ" ಎಂದೆ.

ಕಾಕ ನನ್ನನ್ನು ನೋಡಿದರು. ಹೆಡ್‌ಫೋನನ್ನು ವಾಪಸು ಕಿವಿಗೆ ಏರಿಸಿದರು.

"ಯಲ್ಲಾ, ಬೇಗ, ಇನ್ನೊಂದು ಸಲ ಹಾಕು. ಅವ ಸುಮ್ನಾಗುದನ್ನು ಕೇಳ್ಬೇಕು."

ಹಾಕಿದೆ. ಅವರು ಕೇಳುತ್ತಿರುವಾಗ ಅರ್ಥಧಾರಿಗೆ ಸಂದೇಶ ಕಳಿಸಿದೆ: 'ಅಣ್ಣ, ಕನ್ನಡ ಉಳಿಯಿತು. ಸೂಕಿನ ಕಾಕ ನಿಮ್ಮ ಮೌನವನ್ನು ಎರಡನೆಯ ಸಲ ಕೇಳುತ್ತಿದ್ದಾರೆ.'

ತಕ್ಷಣ ಉತ್ತರ ಬಂತು.

'ಸಂತೋಷ ಅಕ್ಕ. ನಾನು ಅಷ್ಟು ಮಾತಾಡಿದ್ದನ್ನು ಎಷ್ಟು ಸಲ ಕೇಳಿದ್ರು?'